ಒದ್ದೆ ಹಲಗೆ

ಜುಲೈ 1, ಸೋಮವಾರ

ಅತ್ತೆಗೆ,

ನೀವು ಬರೆದಿರುವ ನಮ್ಮ ಹೈಸ್ಕೂಲಿನ ಇತಿಹಾಸದಲ್ಲಿ ಮಧ್ಯಾಹ್ನದ ಪಾಳಿಯ ಮಕ್ಕಳಿಲ್ಲ. ಇದು ತಪ್ಪು. ಮರೆವಲ್ಲ, ಜಾಗದ ಕೊರತೆಯಲ್ಲ, ತಪ್ಪು.

ನನಗೆ ಹೇಗೆ ಸಿಕ್ಕಿತು ಎನ್ನುತ್ತೀರಾ? ಶಾಲೆಯ ನಲವತ್ತನೆಯ ವರ್ಷದ ಸ್ಮರಣ ಸಂಚಿಕೆ ಅಚ್ಚಾಗುತ್ತಿರುವುದು ನಾನು ಕೆಲಸಕ್ಕಿರುವ ಪ್ರೆಸ್ಸಿನಲ್ಲಿ. ಮೊದಲ ಕರಡು ಬಂದಿದೆ. ಹಾಳೆ ಮಡಿಸಿ ಹೊಲಿಯುವವಳು ನಾನು. ಮಡಿಸುವವಳು ಓದುವುದಿಲ್ಲ ಎಂದು ಪ್ರೆಸ್ಸಿನವರ ನಂಬಿಕೆ. ಈ ಮೇಜಿನ ಮೇಲೆ ಬಂದ ಒಂದು ಕರಪತ್ರವನ್ನೂ ನಾನು ಓದದೆ ಮಡಿಸಿಲ್ಲ. ಕೂಲಿಯವರದು, ಬಾಡಿಗೆದಾರರದು, ನೀರಿನ ಹೋರಾಟದವರದು, ಹೆಂಗಸರ ಸಂಘದವರದು. ನನ್ನ ಕಾಲೇಜು ಅಂತ ಇದ್ದರೆ ಅದು ಈ ಮೇಜು.

ನಿಮ್ಮ ಲೇಖನದಲ್ಲಿ ಗೋದಾಮಿನಲ್ಲಿ ಶುರುವಾದ ಶಾಲೆ ಇದೆ. ಜಾಗ ಕೊಟ್ಟ ಮಹನೀಯರ ಭಾವಚಿತ್ರ ಇದೆ. ಅಂಗಳದ ಮರಕ್ಕೂ ಒಂದು ಪ್ಯಾರಾ ಇದೆ. ನಮಗೆ ಒಂದು ಸಾಲು: "ಊರು ಬೆಳೆದು ಮಕ್ಕಳು ಹೆಚ್ಚಿದ್ದರಿಂದ ಶಾಲೆಯನ್ನು ಎರಡು ಪಾಳಿಯಲ್ಲಿ ನಡೆಸಲಾಗುತ್ತಿದೆ." ಮರಕ್ಕಿಂತ ನಾವು ಕಡೆಯೇ, ಅತ್ತೆ?

ಯಾರು ಬೆಳಿಗ್ಗೆ, ಯಾರು ಮಧ್ಯಾಹ್ನ ಎಂದು ಯಾರೂ ಚೀಟಿ ಎತ್ತಲಿಲ್ಲ. ಕಾಲುವೆಯ ಈಚೆ ಹಳೇ ಬೀದಿಯವರು ಬೆಳಿಗ್ಗೆ. ಕಾರ್ಖಾನೆ ಬಂದ ಮೇಲೆ ಕಾಲುವೆಯಾಚೆ ಎದ್ದ, ಅಪ್ಪ ಹೋಗಿ ಮನೆ ಮಾಡಿದ ಬಡಾವಣೆಯವರು ಮಧ್ಯಾಹ್ನ. ಅವರಿಗೆ ಮುಂದಿನ ಗೇಟು, ನಮಗೆ ಹಿಂದಿನ ಗೇಟು. ಅದೇ ಕೋಣೆ, ಅದೇ ಬೆಂಚು. ಆದರೂ ಒಂದೇ ಶಾಲೆಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡದೆ ಹತ್ತನೆಯ ತರಗತಿ ಮುಗಿಸುತ್ತಾರೆ. ಆ ಪಾಳಿಯ ಮೊದಲ ತಂಡದವಳು ನಾನು. ಇತಿಹಾಸದಲ್ಲಿ ನಾನಿಲ್ಲ ಎಂದು ನನಗೇ ಮಡಿಸಲು ಕೊಟ್ಟಿದ್ದಾರೆ.

ಇನ್ನೊಂದು ವಿಷಯ. ತಂಗಿ ಗುಬ್ಬಿ ಈಗ ಒಂಬತ್ತನೆಯ ತರಗತಿ. ಮುಂದಿನ ವರ್ಷ ಮಧ್ಯಾಹ್ನದ ಪಾಳಿಯನ್ನು ಎತ್ತಿ ಕಾರ್ಖಾನೆ ಪಕ್ಕದ ತಗಡಿನ ಶೆಡ್ಡಿಗೆ ಹಾಕುತ್ತಾರೆ, 'ಶಾಖೆ' ಅಂತ ಹೆಸರಿಡುತ್ತಾರೆ ಎಂದು ಸುದ್ದಿ ತಂದಿದ್ದಾಳೆ. ಅಲ್ಲಿ ಲ್ಯಾಬೂ ಇಲ್ಲ, ಲೈಬ್ರರಿಯೂ ಇಲ್ಲ. "ಅಕ್ಕಾ, ಶಾಖೆ ಅಂದ್ರೆ ಕೊಂಬೆ ತಾನೆ? ಕಡಿದು ಬೇರೆ ಕಡೆ ಹಾಕಿದ್ಮೇಲೆ ಅದು ಸೌದೆ ಅಲ್ವಾ?" ಎಂದು ಕೇಳಿದಳು. ಹತ್ತನೆಯ ತರಗತಿಯವರನ್ನು ಮಾತ್ರ ಲ್ಯಾಬಿಗೆ ಬಿಡುತ್ತಾರೆ. ಆ ದಿನಕ್ಕಾಗಿ ಅವಳು ಎಂಟನೆಯ ತರಗತಿಯಿಂದ ಬೆರಳು ಮಡಚುತ್ತಿದ್ದಾಳೆ.

ನಿಜವೇ? ಬರೆದು ತಿಳಿಸಿ. ನೀವೂ ಅಪ್ಪನೂ ಮಾತು ಬಿಟ್ಟು ಹತ್ತು ವರ್ಷವಾಯಿತು. ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಅಪ್ಪ ಹೇಳಿದ್ದು ನನಗೂ ಸೇರಿಸಿಯೇ. ಅಂಚೆ ಪೆಟ್ಟಿಗೆಗೆ ಹೊಸ್ತಿಲಿಲ್ಲ.

ಇಂತಿ,
ನಿಮ್ಮ ಅಣ್ಣನ ದೊಡ್ಡ ಮಗಳು


ಜುಲೈ 9, ಮಂಗಳವಾರ

ಅಮ್ಮಣ್ಣಿ,

ಸಣ್ಣವಳಿದ್ದಾಗ ನಿನ್ನನ್ನು ಬೆಂಕಿಪೆಟ್ಟಿಗೆ ಎಂದು ಕರೆಯುತ್ತಿದ್ದೆ. ಹೆಸರು ಕೆಟ್ಟಿಲ್ಲ. ಆದರೆ ಕರಪತ್ರದ ಭಾಷೆಯನ್ನು ಪ್ರೆಸ್ಸಿನಲ್ಲೇ ಬಿಟ್ಟು ಬಂದು ಬರೆಯುವುದು ಕಲಿ. "ಇದು ತಪ್ಪು" ಎಂದು ಮೊದಲ ಸಾಲಿನಲ್ಲೇ ತೀರ್ಪು ಕೊಟ್ಟರೆ ಉಳಿದ ಪತ್ರ ಯಾಕೆ ಓದಬೇಕು?

ಓದಿದೆ ಅನ್ನು. ಎರಡು ಸಲ ಓದಿದೆ.

ನಾನು ಬರೆದದ್ದೆಲ್ಲ ಅಚ್ಚಿಗೆ ಬಂದಿಲ್ಲ. ಶಾಲಾ ಸಮಿತಿಯವರು ನೋಡಿ, ತಿದ್ದಿ, 'ಸಂತೋಷದ ಸಂದರ್ಭ' ಎಂದು ಕೆಲವನ್ನು ತೆಗೆದು ಕಳಿಸಿದರು. ಯಾವುದು ಹೋಯಿತು, ಯಾವುದು ಉಳಿಯಿತು ಎಂದು ಜಗಳ ಕಾಯುವ ವಯಸ್ಸು ನನ್ನದಲ್ಲ. ನಿವೃತ್ತಿಗೆ ಇನ್ನು ಕೆಲವೇ ವರ್ಷ. ನಿಮ್ಮ ಮಾವ ಈಗ ಕೋಲಿಲ್ಲದೆ ನಡೆಯಲಾರರು. ಅವರ ಔಷಧಿ ನನ್ನ ಸಂಬಳದಲ್ಲಿ ಬರುತ್ತದೆ, ಇತಿಹಾಸದಲ್ಲಿ ಅಲ್ಲ.

ಶೆಡ್ಡಿನ ಮಾತು ನಿಜ. ಇನ್ನೂ ತೀರ್ಮಾನವಾಗಿಲ್ಲ, 'ಪರಿಶೀಲನೆಯಲ್ಲಿದೆ'. ಅವರು ಕೊಡುವ ಕಾರಣ ಒಂದೇ: ಮಧ್ಯಾಹ್ನದ ಪಾಳಿ ಲೆಕ್ಕದಲ್ಲಿ ಪ್ರತಿ ವರ್ಷ ಮುಗ್ಗರಿಸುತ್ತದೆ. ಉಳಿದ ವಿಷಯಗಳಲ್ಲಿ ನಿಮ್ಮ ಮಕ್ಕಳು ನಮ್ಮವರ ಹೆಗಲಿಗೆ ಹೆಗಲು. ಲೆಕ್ಕ ಬಂದರೆ ಬಿದ್ದೇ ಬೀಳುತ್ತಾರೆ. "ಅವರಿಗೆ ತಕ್ಕ ಮಟ್ಟದ ಶಾಲೆ ಅವರ ಹತ್ತಿರವೇ ಇರಲಿ" ಎನ್ನುತ್ತಾರೆ ಅಧ್ಯಕ್ಷರು. ನಾನು ಲೆಕ್ಕದ ಟೀಚರು, ನನಗೇ ಉತ್ತರ ಹೊಳೆಯುತ್ತಿಲ್ಲ. ಪುಸ್ತಕ ಅದೇ. ವೇಳಾಪಟ್ಟಿ ಅದೇ, ಬೆಳಗಿನದನ್ನೇ ಇಳಿಸಿಕೊಂಡಿದ್ದಾರೆ. ಮಧ್ಯಾಹ್ನದ ಲೆಕ್ಕದ ಮೇಷ್ಟ್ರು ನನಗಿಂತ ಜಾಣರು. ಕೋಣೆಯಂತೂ ಕನ್ನಡಿಯ ಹಾಗೆ ಬಿಟ್ಟುಕೊಡುತ್ತೇವೆ. ಬಿಡುವ ಗಂಟೆಗೆ ಮೊದಲು ನನ್ನ ಮಕ್ಕಳು ಬೆಂಚು ಒರೆಸಿ, ಕರಿಹಲಗೆಯನ್ನು ನೀರಿನ ಬಟ್ಟೆಯಲ್ಲಿ ತೊಳೆದು ಹೋಗಬೇಕು. ಪಾಳಿ ಶುರುವಾದ ದಿನ ನಾನು ಹಾಕಿದ ಕಟ್ಟಳೆ ಅದು, ಈಗ ಎಲ್ಲ ಕೋಣೆಯಲ್ಲೂ ನಡೆಯುತ್ತದೆ. ಬಿಟ್ಟುಕೊಡುವ ಮನೆಯನ್ನು ಗುಡಿಸಿ ಬಿಡಬೇಕು ಎನ್ನುತ್ತಿದ್ದಳು ನಿನ್ನ ಅಜ್ಜಿ.

ಗುಬ್ಬಿಗೆ ಲೆಕ್ಕ ಓದಲು ಹೇಳು. ಶೆಡ್ಡಿಗೆ ಉತ್ತರ ಅದೊಂದೇ. ನಾನು ಬರೆದದ್ದು ನಿಮ್ಮಪ್ಪನಿಗೆ ತಿಳಿಯುವುದು ಬೇಡ.

ಇಂತಿ,
ಲೆಕ್ಕದ ಮೇಡಂ


ಜುಲೈ 21, ಭಾನುವಾರ

ಅತ್ತೆಗೆ,

ಉತ್ತರ ಹೊಳೆಯುತ್ತಿಲ್ಲ ಎಂದಿರಿ. ಉತ್ತರ ನಿಮ್ಮ ಪತ್ರದಲ್ಲೇ ಇದೆ, ನಿಮ್ಮ ಕೈಬರಹದಲ್ಲೇ ಇದೆ.

ನೀವು ಹಲಗೆ ತೊಳೆಯುತ್ತೀರಿ. ನಾವು ಹಿಂದಿನ ಗೇಟಿನಿಂದ ಓಡಿ ಬಂದು ಕೂರುವಾಗ ಅದರಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ವೇಳಾಪಟ್ಟಿ ಬೆಳಗಿನದೇ, ಆದ್ದರಿಂದ ಮೊದಲ ಪೀರಿಯಡ್ಡು ಲೆಕ್ಕ. ಒದ್ದೆ ಹಲಗೆಯ ಮೇಲೆ ಸೀಮೆಸುಣ್ಣ ಹಿಡಿಯುತ್ತದೆಯೇ, ಲೆಕ್ಕದ ಮೇಡಂ? ಜಾರುತ್ತದೆ. ಬರೆದದ್ದು ಕಾಣುವುದಿಲ್ಲ. ಒಣಗಿದ ಮೇಲೆ ಬಿಳಿ ಮಂಜಿನ ಹಾಗೆ ಅಲ್ಲೊಂದು ಇಲ್ಲೊಂದು ಅಂಕಿ ಏಳುತ್ತದೆ. ಜಾಣ ಮೇಷ್ಟ್ರು ಏನು ಮಾಡಬೇಕು? "ಕೇಳಿಸ್ಕೊಳ್ರೋ, ಆಮೇಲೆ ಬರೀತೀನಿ" ಎಂದು ಬಾಯಲ್ಲೇ ಲೆಕ್ಕ ಹೇಳುತ್ತಾರೆ. ತ್ರಿಕೋನವನ್ನು ಬಾಯಲ್ಲಿ ಹೇಳಿದರೆ ಯಾರಿಗೆ ಕಾಣುತ್ತದೆ? ಹಲಗೆ ಒಣಗುವ ಹೊತ್ತಿಗೆ ಗಂಟೆ. ಆಮೇಲೆ ಇತಿಹಾಸದ ಮೇಷ್ಟ್ರು ಬಂದು ಒಣಗಿದ ಹಲಗೆಯ ಮೇಲೆ ರಾಜರ ಹೆಸರು ಬರೆಯುತ್ತಾರೆ. ಅದಕ್ಕೇ ಇತಿಹಾಸದಲ್ಲಿ ನಾವು ಹೆಗಲಿಗೆ ಹೆಗಲು! ಮಳೆಗಾಲದಲ್ಲಂತೂ ಲೆಕ್ಕದ ಪೀರಿಯಡ್ಡು ಪೂರ್ತಿ ಹೋಗುತ್ತದೆ.

ಹತ್ತನೆಯ ತರಗತಿಯಲ್ಲಿ ನಾನು ಬಿದ್ದದ್ದು ಲೆಕ್ಕದಲ್ಲಿ, ನಿಮಗೆ ನೆನಪಿರಬಹುದು. ಮನೆತನದಲ್ಲೇ ಲೆಕ್ಕದ ಮೇಡಂ ಇದ್ದೂ ಬಿದ್ದೆ. "ಅತ್ತೆ ತಲೆ ಬಂದಿಲ್ಲ" ಎಂದು ಊರು ನಕ್ಕಿತು. ಎರಡನೆಯ ಸಲ ಕಟ್ಟಲು ಧೈರ್ಯ ಬರಲಿಲ್ಲ, ಪ್ರೆಸ್ಸಿಗೆ ಸೇರಿದೆ. ನನ್ನ ತಲೆಯೇ ದಡ್ಡ ಎಂದುಕೊಂಡು ಇಷ್ಟು ವರ್ಷ ಹಾಳೆ ಮಡಿಸಿದೆ.

ಕೋಣೆ ಕನ್ನಡಿಯ ಹಾಗೆ ಬಿಟ್ಟೆವು ಎಂದು ಬೆನ್ನು ತಟ್ಟಿಕೊಳ್ಳಬೇಡಿ. ಇದು ಅರಿಯದೆ ಆದದ್ದು ಎಂದು ನಾನು ನಂಬುವುದಿಲ್ಲ. ಯಾವ ಲೆಕ್ಕದ ಟೀಚರಿಗೆ ಒದ್ದೆ ಹಲಗೆ ಗೊತ್ತಿಲ್ಲ?

ಮೊನ್ನೆ ಪ್ರೆಸ್ಸಿನಲ್ಲಿ ಉಳಿದ ಹಾಳೆಯ ತುಂಡುಗಳ ಮೇಲೆ ಒಂದು ಕರಪತ್ರ ಹಾಕಿಸಿದೆ. ನಾನೇ ಬರೆದದ್ದು. ತಲೆಬರಹ: "ಒದ್ದೆ ಹಲಗೆ". ಬೆಳಗಿನ ಪಾಳಿಯ ಹಿರಿಯ ಶಿಕ್ಷಕಿಯೊಬ್ಬರು ಬಡಾವಣೆಯ ಮಕ್ಕಳು ಓದಬಾರದೆಂದು ಬೇಕೆಂದೇ ಹಲಗೆ ತೊಳೆಸುತ್ತಾರೆ ಎಂದಿದ್ದೇನೆ. ಈ ಕಟ್ಟಡದಲ್ಲಿ ನಮ್ಮ ಮಕ್ಕಳು ಕಲಿಯುವುದು ಸಾಧ್ಯವಿಲ್ಲ ಎಂದೂ ಬರೆದಿದ್ದೇನೆ. ಹೆಸರು ಹಾಕಿಲ್ಲ. ಹಾಕಬೇಕಾಗಿಯೂ ಇಲ್ಲ.

ನಿನ್ನೆ ಕಾಲುವೆಯ ಎರಡೂ ಕಡೆ ಹಂಚಿಯಾಯಿತು.

ಮಧ್ಯಾಹ್ನದ ಪಾಳಿಯ ಮೊದಲ ತಂಡದವಳು


ಆಗಸ್ಟ್ 4, ಭಾನುವಾರ

ಹುಡುಗಿ,

ಕರಪತ್ರ ಓದಿದೆ. ನನ್ನ ಕೋಣೆಯ ಬಾಗಿಲಿಗೇ ಅಂಟಿಸಿದ್ದರು.

ಮಾರನೆಯ ದಿನ ಬಿಡುವ ಗಂಟೆ ಹೊಡೆದ ಮೇಲೆ ನಾನು ಮನೆಗೆ ಹೋಗಲಿಲ್ಲ. ಹತ್ತು ವರ್ಷ ಗಂಟೆಯ ಜೊತೆ ಮುಂದಿನ ಗೇಟು ದಾಟಿದವಳು ನಾನು. ನಿಮ್ಮ ಮಾವನಿಗೆ ಊಟದ ಹೊತ್ತು. ಅವತ್ತು ನಿಂತೆ. ಎಲ್ಲ ಹೋದ ಮೇಲೆ ತೊಳೆದ ಹಲಗೆಯ ಮೇಲೆ ಒಂದು ತ್ರಿಕೋನ ಬರೆದೆ. ಕಾಣಲಿಲ್ಲ. ಒತ್ತಿ ಬರೆದೆ. ಸೀಮೆಸುಣ್ಣ ಕೈಯಲ್ಲೇ ಮುರಿಯಿತು. ಅಷ್ಟರಲ್ಲಿ ನಿಮ್ಮ ಮಕ್ಕಳು ಹಿಂದಿನ ಬಾಗಿಲಿನಿಂದ ಬಂದು ನಿಂತಿದ್ದರು. ಅವರಲ್ಲಿ ನಿಮ್ಮಪ್ಪನ ಮೂಗಿನ ಹುಡುಗಿಯೊಬ್ಬಳು, "ಮಿಸ್, ಇನ್ನೂ ಸ್ವಲ್ಪ ಹೊತ್ತು ತಡೀರಿ, ಈಗ ಕಾಣಲ್ಲ" ಎಂದಳು. ಬಯ್ಯಲಿಲ್ಲ. ಹೊಸಬರಿಗೆ ಬಚ್ಚಲು ಎಲ್ಲಿದೆ ಎಂದು ತೋರಿಸುವ ಹಾಗೆ ಹೇಳಿದಳು.

ಎಲ್ಲ ಕೋಣೆಯಲ್ಲೂ ಹಲಗೆ ತೊಳೆಯುವುದನ್ನು ನಿಲ್ಲಿಸಿದ್ದೇನೆ.

ಇನ್ನು ನಿನ್ನ ಕರಪತ್ರದ ಫಲ ಕೇಳು. ಸಮಿತಿ ನನ್ನನ್ನು ಕರೆಸಿತು. ಅಧ್ಯಕ್ಷರ ಕೈಯಲ್ಲಿ ನಿನ್ನ ಹಾಳೆ. ಸಿಟ್ಟಾಗಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. "ನೋಡಿ ಮೇಡಂ, ನಾವು ಹೇಳಿದ್ರೆ ಕೆಟ್ಟವರಾಗ್ತಿದ್ವಿ. ಈಗ ಅವರೇ ಬರೆದುಕೊಟ್ಟಿದ್ದಾರೆ. 'ಈ ಕಟ್ಟಡದಲ್ಲಿ ನಮ್ಮ ಮಕ್ಕಳು ಕಲಿಯುವುದು ಸಾಧ್ಯವಿಲ್ಲ.' ಸರಿ ಸ್ವಾಮಿ, ಬೇರೆ ಕಟ್ಟಡ ಕೊಡೋಣ!" ಎಂದರು. ಎಲ್ಲರೂ ನಕ್ಕರು. ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ನಾನು ಹಲಗೆಯ ವಿಷಯ ಹೇಳಹೊರಟೆ. "ತಮ್ಮ ಮೇಲೇ ದೂರಿದೆ, ತಾವು ಸುಮ್ಮನಿರೋದು ಒಳ್ಳೇದು" ಎಂದು ಬಾಯಿ ಮುಚ್ಚಿಸಿದರು.

ಶೆಡ್ಡಿಗೆ ಅವರು ಹುಡುಕುತ್ತಿದ್ದ ಒಂದು ಕಲ್ಲು ಕಡಿಮೆಯಿತ್ತು. ನೀನು ಹೊತ್ತು ತಂದು ಕೊಟ್ಟೆ.

'ಬೇಕೆಂದೇ' ಎಂಬ ನಿನ್ನ ಮಾತಿಗೆ ನಾನು ಏನೂ ಹೇಳುವುದಿಲ್ಲ.

ಇಂತಿ,
ಹಿರಿಯ ಶಿಕ್ಷಕಿಯೊಬ್ಬರು


ಆಗಸ್ಟ್ 18, ಭಾನುವಾರ

ಅತ್ತೆ,

ಈ ಪತ್ರವನ್ನು ಮೂರು ಸಲ ಶುರು ಮಾಡಿ ಹರಿದೆ. ಮನೆಯಲ್ಲಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಪ್ಪ ಗ್ಯಾರೇಜಿನಿಂದ ಬಂದರು. ಯಾವನೋ ನನ್ನ ಕರಪತ್ರದಲ್ಲಿ ನಟ್ಟು ಬೋಲ್ಟು ಕಟ್ಟಿ ಕೊಟ್ಟಿದ್ದನಂತೆ. ಅದನ್ನು ಬಿಚ್ಚಿ, ಎಣ್ಣೆ ಕೈಯಲ್ಲೇ ನಿಂತು ಓದಿದರು. ಓದಿ ಮುಗಿಸಿ ಕೈ ತೊಳೆಯಲಿಲ್ಲ, ಕೂರಲೂ ಇಲ್ಲ.

"ಇದು ಯಾರ ಮೇಲೆ ಬರ್ದಿದ್ದೀಯ ಗೊತ್ತೇನೇ?"

"ನಿಮ್ಮ ತಂಗಿ ಮೇಲೆ. ನೀವೂ ಅವರ ಜೊತೆ ಮಾತಾಡಲ್ವಲ್ಲ."

"ಮಾತು ಬಿಟ್ಟಿರೋದು ನಾನು ಕಣೇ. ಮಾನ ತೆಗೀರಿ ಅಂತ ನಿಮಗೆ ಬರೆದುಕೊಟ್ಟಿದ್ನಾ? ಬೇಕೆಂದೇ ಅಂತೆ, ಬೇಕೆಂದೇ! ಆ ಶಾಲೆ ಇರೋದೇ ಅವಳಿಂದ, ತಿಳ್ಕೋ."

ಅಮ್ಮ ಒಳಗಿನಿಂದ, "ಹತ್ತು ವರ್ಷದಿಂದ ಆ ಹೆಸರೆತ್ತಿದ್ರೆ ತಟ್ಟೆ ಎಸೀತಿದ್ರಿ, ಇವತ್ತೇನು ಹೂಮಾಲೆ?" ಎಂದರು. ಅಪ್ಪ, "ನೀನು ಸುಮ್ನಿರು, ತಟ್ಟೆ ಎಸೆದಿದ್ದು ಒಂದೇ ಸಲ, ಅದೂ ಖಾಲಿ" ಎಂದರು. ಗುಬ್ಬಿ ನಕ್ಕುಬಿಟ್ಟಳು. ಆಮೇಲೆ ಅಪ್ಪ ಕೂತರು. ಕೂತು ಹೇಳಿದರು.

ಶಾಲೆ ಗೋದಾಮಿನಲ್ಲಿದ್ದಾಗ ಎರಡನೆಯ ವರ್ಷವೇ ಮಾಲೀಕ ಜಾಗ ಖಾಲಿ ಮಾಡಿಸಲು ಬಂದನಂತೆ, ಸರಕು ತುಂಬಬೇಕೆಂದು. ಶಾಲೆ ಮುಚ್ಚಿತು ಎಂದು ಮೇಷ್ಟ್ರು ಪುಸ್ತಕ ಕಟ್ಟಿಕೊಳ್ಳುತ್ತಿದ್ದರಂತೆ. ಆಗ ಒಂಬತ್ತನೆಯ ತರಗತಿಯ ಒಂದು ಹುಡುಗಿ ಎದ್ದು, ತನ್ನ ಬೆಂಚಿನ ಒಂದು ತುದಿ ಹಿಡಿದು ಎಳೆಯತೊಡಗಿದಳಂತೆ. "ಎಲ್ಲಿಗೇ?" ಎಂದು ಅವಳ ಅಣ್ಣ ಕೇಳಿದ್ದಕ್ಕೆ, "ಒಳಗೆ ಜಾಗ ಇಲ್ಲ ಅಂದ್ರಲ್ಲ, ಹೊರಗಿದೆ. ಸುಮ್ನೆ ಆ ಕಡೆ ಎತ್ತು" ಎಂದಳಂತೆ. ಒಂದರ ಹಿಂದೆ ಒಂದು ಎಲ್ಲ ಬೆಂಚೂ ನಡುಬೀದಿಗೆ ಬಂದವು. ಗಾಡಿ ಹೋಗಲಿಲ್ಲ, ಸರಕು ಇಳಿಯಲಿಲ್ಲ. ಮೇಷ್ಟ್ರು ಬೀದಿಯಲ್ಲೇ ಪಾಠ ಮಾಡಿದರು. ಸರ್ಕಾರದವರು ಬಂದು ಜಾಗ ಗುರುತು ಮಾಡುವವರೆಗೆ ಯಾರೂ ಏಳಲಿಲ್ಲ.

"ಆ ಕಡೆ ತುದಿ ಎತ್ತಿದೋನು ನಾನು. ಅದಕ್ಕೇ ಕಣೇ ಸಿಟ್ಟು. ಶಾಲೆ ಎರಡು ಪಾಳಿ ಆದಾಗ ಮಧ್ಯಾಹ್ನಕ್ಕೆ ಬಾ, ನಮ್ಮ ಮಕ್ಕಳಿಗೆ ಪಾಠ ಹೇಳು ಅಂದೆ. ಬರಲ್ಲ ಅಂದ್ಳು. ಅವಳು ಬರಲ್ಲ ಅಂದ್ರೆ ಇನ್ಯಾರು ಬರ್ತಾರೆ?" ಅಪ್ಪ ಅವತ್ತು ಊಟ ಮಾಡಲಿಲ್ಲ.

ನಿಮ್ಮ ಲೇಖನದಲ್ಲಿ ಜಾಗವನ್ನು 'ಉದಾರ ಮನಸ್ಸಿನ ಮಹನೀಯರು' ಕೊಟ್ಟರು ಎಂದಿದೆ. ಬೆಂಚಿನ ಮಾತಿಲ್ಲ. ಯಾವುದು ನಿಜ?

'ಬೇಕೆಂದೇ' ಎಂದು ಬರೆದದ್ದು ತಪ್ಪು. ಮೊದಲ ಸಾಲಿನಲ್ಲಿ ಬರೆಯಬೇಕೆಂದಿದ್ದೆ, ಕೊನೆಗೆ ಬಂತು.

ನಿಮ್ಮ ಅಣ್ಣನ ದೊಡ್ಡ ಮಗಳು


ಆಗಸ್ಟ್ 31, ಶನಿವಾರ

ಅಮ್ಮಣ್ಣಿ,

ನಿಮ್ಮಪ್ಪ ಹೇಳಿದ್ದು ನಿಜ. ಒಂದು ಸೇರಿಸಬೇಕು: ಅವನು ಎತ್ತಿದ ತುದಿ ಭಾರದ್ದು. ಅವನ ಹೆಬ್ಬೆರಳು ಬಾಗಿಲಿಗೆ ಸಿಕ್ಕಿ ಜಜ್ಜಿತು, ಕೈ ಬಿಡಲಿಲ್ಲ. ಆ ಉಗುರು ಇನ್ನೂ ಸೊಟ್ಟಗಿದೆಯೇ?

ಅದೆಲ್ಲ ನಾನು ಬರೆದಿದ್ದೆ. ಸಮಿತಿ ಮೊದಲು ಕಿತ್ತದ್ದು ಅದನ್ನೇ. ಜಾಗ ಸರ್ಕಾರದ್ದು, ಯಾರೂ ದಾನ ಕೊಟ್ಟದ್ದಲ್ಲ. ಸಂಚಿಕೆಯಲ್ಲಿ ಭಾವಚಿತ್ರ ಇರುವ ಮಹನೀಯರು ಆ ಗೋದಾಮಿನ ಮಾಲೀಕರು. ಈಗಿನ ಅಧ್ಯಕ್ಷರು ಅವರ ಮಗ. ಕಾರ್ಖಾನೆ ಪಕ್ಕದ ತಗಡಿನ ಶೆಡ್ಡೂ ಅವರ ಮನೆಯದೇ. ಈಗ ಅರ್ಥವಾಯಿತೇ, ಮರಕ್ಕೆ ಯಾಕೆ ಒಂದು ಪ್ಯಾರಾ ಎಂದು? ಏನೂ ಹೇಳಲು ಬಿಡದಿದ್ದಾಗ ಮರವನ್ನು ವರ್ಣಿಸಬೇಕಾಗುತ್ತದೆ.

ಮಧ್ಯಾಹ್ನದ ಪಾಳಿಗೆ ಬಾ ಎಂದು ಅಣ್ಣ ಕೇಳಿದ ತಿಂಗಳಲ್ಲೇ ನಿಮ್ಮ ಮಾವನಿಗೆ ಮೊದಲ ಸಲ ಲಕ್ವ ಹೊಡೆದು ಬಲಗೈ ಬಿದ್ದುಹೋದದ್ದು. ಮಧ್ಯಾಹ್ನ ಅವರಿಗೆ ತುತ್ತು ತಿನ್ನಿಸಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಯಾರಿಗೂ ಹೇಳಬೇಡ ಎಂದು ಅವರು ಅತ್ತಿದ್ದರು. ನಾನು ಅಣ್ಣನಿಗೆ "ಬರಲ್ಲ" ಎಂದಷ್ಟೇ ಹೇಳಿದೆ. ಅವನು ಯಾಕೆ ಎಂದು ಕೇಳಲಿಲ್ಲ.

ಅವನಿಗೆ ಇದನ್ನು ಓದಿ ಹೇಳುವುದಾದರೆ ಹೇಳು. ಬೇಡವಾದರೆ ಬೇಡ.

ಹಲಗೆ ಒಣಗಿದ ಮೇಲೆ ಗುಬ್ಬಿಯ ತರಗತಿಯ ಮೊದಲ ಕಿರುಪರೀಕ್ಷೆ ಆಯಿತು. ಮಧ್ಯಾಹ್ನದ ಮೇಷ್ಟ್ರು ಉತ್ತರ ಪತ್ರಿಕೆಗಳನ್ನು ನನಗೆ ತೋರಿಸಿದರು. ಬಿದ್ದವರು ಬೆರಳೆಣಿಕೆ. ಸಮಿತಿಗೆ ಹೇಳಿದೆವು. "ಒಂದು ಪರೀಕ್ಷೆ ನೋಡಿ ಹತ್ತು ವರ್ಷದ ಫಲಿತಾಂಶ ಮರೀಬೇಕಾ?" ಎಂದರು. ತೀರ್ಮಾನದ ಸಭೆ ಇದೇ ಸೆಪ್ಟೆಂಬರ್ ತಿಂಗಳ ಕೊನೆಯ ಸೋಮವಾರ. ಪಾಳಿ ಬದಲಾಗುವ ಹೊತ್ತಿಗೆ ಇಟ್ಟಿದ್ದಾರೆ. ಒಬ್ಬರು ಹೋಗುವ, ಒಬ್ಬರು ಬರುವ ಗಲಾಟೆಯಲ್ಲಿ ಯಾರೂ ಆ ಕೋಣೆಯತ್ತ ತಿರುಗಿ ನೋಡುವುದಿಲ್ಲ.

ನಿನ್ನ ಅತ್ತೆ


ಸೆಪ್ಟೆಂಬರ್ 14, ಶನಿವಾರ

ಅತ್ತೆ,

ಓದಿ ಹೇಳಿದೆ. ಅಪ್ಪ ಕೇಳಿಸಿಕೊಂಡು ಹೊರಗೆ ಹೋದರು. ಬಹಳ ಹೊತ್ತು ಸೈಕಲ್ ತೊಳೆದರು. ಅದು ಕೊಳೆಯಾಗಿರಲಿಲ್ಲ. ಒಳಗೆ ಬಂದು, "ಮೂರ್ಖ" ಎಂದರು. ಯಾರನ್ನು ಎಂದು ಕೇಳಲು ಯಾರಿಗೂ ಧೈರ್ಯ ಬರಲಿಲ್ಲ. ಉಗುರು ಇನ್ನೂ ಸೊಟ್ಟಗೇ ಇದೆ.

ಪ್ರೆಸ್ಸಿನಲ್ಲಿ ನನ್ನ ಕೆಲಸ ಹೋಯಿತು. ಅಧ್ಯಕ್ಷರು ಬಂದು ಹೋದ ಸಂಜೆಯೇ. "ಮಡಿಸೋ ಕೈಗೆ ಬರೆಯೋ ಚಟ ಯಾಕಮ್ಮ? ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?" ಎಂದರು ಯಜಮಾನರು. ಕೆಟ್ಟ ಮನುಷ್ಯರಲ್ಲ, ಹೆದರಿದ ಮನುಷ್ಯರು. ಹೊರಡುವಾಗ ಒಂದು ಕಟ್ಟು ಖಾಲಿ ಹಾಳೆ ಕೈಗಿತ್ತರು.

ಆ ಹಾಳೆಗಳ ಮೇಲೆ ಕರಪತ್ರ ಬರೆಯುವುದಿಲ್ಲ. ನನ್ನ ಸಾಲನ್ನು ನನ್ನ ಕುತ್ತಿಗೆಗೇ ಕಟ್ಟಿದರಲ್ಲ, ಅದನ್ನು ಮರೆತಿಲ್ಲ. ಕಾಗದ ಯಾರ ಕೈಗೆ ಸಿಕ್ಕಿದರೆ ಅವರ ಮಾತು ಆಡುತ್ತದೆ. ಬೆಂಚು ಹಾಗಲ್ಲ. ನಡುಬೀದಿಯಲ್ಲಿ ಬೆಂಚಿದ್ದರೆ ಅದಕ್ಕೆ ಒಂದೇ ಅರ್ಥ.

ಹೀಗೆ ಯೋಚಿಸಿದ್ದೇನೆ. ಆ ಸೋಮವಾರ ಬೆಳಗಿನ ಮಕ್ಕಳು ಮನೆಗೆ ಹೋಗಬಾರದು. ಮಧ್ಯಾಹ್ನದ ಮಕ್ಕಳು ಮುಂದಿನ ಗೇಟಿನಿಂದ ಬರಬೇಕು. ಎರಡೂ ಪಾಳಿ ಒಂದೇ ಹೊತ್ತಿಗೆ ಒಂದೇ ಅಂಗಳದಲ್ಲಿ. ಒಳಗೆ ಹಿಡಿಸುವುದಿಲ್ಲ, ಹಿಡಿಸದಿರಲಿ, ಬೆಂಚು ಹೊರಗೆ ಬರಲಿ. ಸಭೆಯ ಕಿಟಕಿಯಿಂದ ನೋಡಲಿ, ಶಾಲೆ ಎಷ್ಟು ದೊಡ್ಡದಾಗಿದೆ ಎಂದು. ಊರು ಬೆಳೆದದ್ದು ನಿಜವಾದರೆ ಕಟ್ಟಡ ಬೆಳೆಯಬೇಕು, ಮಕ್ಕಳನ್ನು ಕತ್ತರಿಸಬಾರದು. ಅಂಗಳದ ಹಿಂದೆ ಖಾಲಿ ಜಾಗ ಇದೆ, ಅದೂ ಸರ್ಕಾರದ್ದೇ. ಅಲ್ಲಿ ಕೋಣೆ ಕಟ್ಟಲಿ. ಇದೊಂದೇ ಬೇಡಿಕೆ.

ಬಡಾವಣೆಯ ಮನೆಮನೆಗೆ ಹೋಗಿ ಬಂದೆ. ಅರ್ಧ ಜನ ಬರುತ್ತೇವೆ ಎಂದರು. ಉಳಿದವರು, "ಬೆಳಗಿನವರು ನಮ್ಮ ಜೊತೆ ನಿಲ್ತಾರಾ? ಕನಸು ಕಾಣ್ಬೇಡ ತಾಯಿ" ಎಂದರು. ನನಗೂ ಆ ಕಡೆಯ ಒಬ್ಬರೂ ಗೊತ್ತಿಲ್ಲ, ನಿಮ್ಮನ್ನು ಬಿಟ್ಟು.

ಆದರೆ ಅತ್ತೆ, ನೀವು ಬರಬೇಡಿ. ನನಗೆ ಹೋಗಲು ಕೆಲಸವೇ ಉಳಿದಿಲ್ಲ. ನಿಮಗೆ ಸಂಬಳ ಇದೆ, ಮಾವನ ಔಷಧಿ ಇದೆ. ಬೆಳಗಿನ ಮಕ್ಕಳ ಒಂದಿಬ್ಬರು ತಾಯಂದಿರ ಮನೆ ಎಲ್ಲಿ ಎಂದು ತಿಳಿಸಿ, ಸಾಕು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ನಿಮ್ಮ ಬೆಂಕಿಪೆಟ್ಟಿಗೆ


ಸೆಪ್ಟೆಂಬರ್ 24, ಮಂಗಳವಾರ

ಬೆಂಕಿಪೆಟ್ಟಿಗೆ,

ನೀನು "ಬರಬೇಡಿ" ಎಂದೆಯಲ್ಲ, ಅದು ನೀನು ಬರೆದ ಮಾತುಗಳಲ್ಲೆಲ್ಲ ದಡ್ಡ ಮಾತು. ಒಂದೇ ತುದಿ ಎತ್ತಿದರೆ ಬೆಂಚು ನೆಲ ಕೆರೆಯುತ್ತದೆ ಅಷ್ಟೇ, ಏಳುವುದಿಲ್ಲ.

ತಾಯಂದಿರ ಮನೆ ಎಲ್ಲಿ ಎಂದು ಹೇಳುವುದಿಲ್ಲ. ನಾನೇ ಹೋಗಿ ಬಂದೆ. ನನ್ನ ಕೈಯಲ್ಲಿ ಮಗ್ಗಿ ಕಲಿತವರೇ ಈಗ ಬೆಳಗಿನ ಮಕ್ಕಳ ಅಪ್ಪ ಅಮ್ಮಂದಿರು. ಒಬ್ಬಳು ಬಾಗಿಲಲ್ಲೇ, "ಮಿಸ್, ಅವರು ಬಂದ್ರೆ ನಮ್ಮ ಮಕ್ಕಳ ಜಾಗ ಹೋಗಲ್ವಾ?" ಎಂದಳು. "ಹೋಗುತ್ತೆ, ನೀವು ಸುಮ್ನಿದ್ರೆ. ಇವತ್ತು ಅವರನ್ನ ಶೆಡ್ಡಿಗೆ ಹಾಕಿದೋರು ನಾಳೆ ನಿನ್ನ ಮಗನ್ನೂ ಎಲ್ಲಿಗಾದ್ರೂ ಹಾಕ್ತಾರೆ, ಶೆಡ್ಡು ಬೇಕಾದಷ್ಟಿವೆ" ಎಂದೆ. ಬಾಗಿಲು ಹಾಕಿಕೊಂಡಳು. ಮಾರನೆಯ ದಿನ ಮಗನ ಕೈಯಲ್ಲಿ ಹೇಳಿ ಕಳಿಸಿದ್ದಾಳೆ, ಬರುತ್ತಾಳಂತೆ. ಎಲ್ಲರೂ ಒಪ್ಪಿಲ್ಲ. ಕೆಲವರು ನನ್ನನ್ನು ಕಂಡರೆ ಈಗ ರಸ್ತೆ ದಾಟುತ್ತಾರೆ. ಒಪ್ಪಿದವರು ಸಾಕಷ್ಟು ಇದ್ದಾರೋ ಇಲ್ಲವೋ ಅವತ್ತೇ ಗೊತ್ತಾಗಬೇಕು.

ಒಂದು ಮಾತು ಖಡಾಖಂಡಿತ. ಮಕ್ಕಳನ್ನು ಮುಂದೆ ಬಿಟ್ಟು ದೊಡ್ಡವರು ಹಿಂದೆ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ. ಒಂದೊಂದು ಮಗುವಿನ ಪಕ್ಕದಲ್ಲಿ ಅವರ ಮನೆಯ ಒಬ್ಬರು ಇರಬೇಕು. ಕೂಗು, ಕಲ್ಲು ಏನೂ ಬೇಡ. ನಾನು ಪಾಠ ಮಾಡುತ್ತೇನೆ. ತ್ರಿಕೋನದ ಪಾಠ, ಎರಡೂ ಪಾಳಿಗೆ ಸೇರಿಸಿ. ಹಲಗೆಯನ್ನು ಅಂಗಳಕ್ಕೆ ತರಿಸುತ್ತೇನೆ. ಒಣಗಿದ್ದು.

ಬಿಡುವ ಗಂಟೆಯ ಬಗ್ಗೆ ನೀನು ಯೋಚಿಸಿಲ್ಲ. ಆ ಗಂಟೆ ಹೊಡೆದರೆ ಬೆಳಗಿನ ಮಕ್ಕಳ ಶಾಲೆ ಮುಗಿಯಿತು. ಆಮೇಲೆ ಅಂಗಳದಲ್ಲಿ ನಿಂತವರು ಹೊರಗಿನವರು, ಓಡಿಸಬಹುದು. ಗಂಟೆ ಹೊಡೆಯದಿದ್ದರೆ ಶಾಲೆ ನಡೆಯುತ್ತಿದೆ ಎಂದೇ ಅರ್ಥ. ನನ್ನ ಸನ್ನೆಯಿಲ್ಲದೆ ಜವಾನ ಗಂಟೆ ಮುಟ್ಟುವುದಿಲ್ಲ. ಅವತ್ತು ನಾನು ಸನ್ನೆ ಮಾಡುವುದಿಲ್ಲ.

ಅದಾದ ಮೇಲೆ ನನಗೆ ಏನು ಕಾದಿದೆ ಎಂದು ಗೊತ್ತು. ನಿಮ್ಮ ಮಾವನಿಗೆ ಹೇಳಿದೆ. ಕೇಳಿಸಿಕೊಂಡು, ಎಡಗೈಯಿಂದ ಚಮಚ ಎತ್ತಿಕೊಂಡು ತಾವೇ ಊಟ ಮಾಡಿದರು. ಬಹಳ ಚೆಲ್ಲಿತು. ಮುಗಿಸಿದ ಮೇಲೆ, "ಸೋಮವಾರ ನನ್ನ ಊಟಕ್ಕೆ ಓಡಿ ಬರಬೇಡ" ಎಂದರು.

ಲೆಕ್ಕದ ಪರೀಕ್ಷೆ ಖಾಸಗಿಯಾಗಿ ಕಟ್ಟಲು ಈ ತಿಂಗಳ ಕೊನೆಯವರೆಗೆ ಸಮಯವಿದೆ, ನೀನು ಕಟ್ಟುತ್ತಿದ್ದೀಯ. ಪಾಠ ನಾನು ಹೇಳಿಕೊಡುತ್ತೇನೆ. ಇದು ಬೇಡಿಕೆಯಲ್ಲ, ಅಪ್ಪಣೆ.

ಗುಬ್ಬಿಯನ್ನು ಕರೆದುಕೊಂಡು ಬಾ. ಅಣ್ಣನಿಗೆ ಹೇಳು, ಮೊದಲ ಬೆಂಚಿನ ಭಾರದ ತುದಿ ಹಾಗೇ ಬಿಟ್ಟಿರುತ್ತೇನೆ. ಈ ಸಲ ಹೆಬ್ಬೆರಳು ಜೋಪಾನ ಎನ್ನು. ಹಿಂದಿನ ಗೇಟಿಗೆ ಹೋಗಬೇಡಿ.

ಸೋಮವಾರ, ಸೆಪ್ಟೆಂಬರ್ ಮೂವತ್ತು, ಮಧ್ಯಾಹ್ನ ಹನ್ನೆರಡೂವರೆ. ಮುಂದಿನ ಗೇಟು.

ನಿನ್ನ ಅತ್ತೆ